ಮುಟ್ಟಿದರೆ ಬ್ಯಾಕ್ಟೀರಿಯಾ ಸಾಯುವ ಲೇಪನ: ಬೇಕಿರುವುದು ಫೋನ್ ಕವರಿಗಲ್ಲ, ಯೂರಿನ್ ಪೈಪಿಗೆ

ಕಳೆದ ವರ್ಷ ನಮ್ಮ ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗೇ ಆಯ್ತು. ಮೂರನೇ ದಿನಕ್ಕೆ ವಾಕರ್ ಹಿಡಿಸಿ ನಿಲ್ಲಿಸಿದ್ದರು. ಇನ್ನೇನು ಮನೆಗೆ ಕಳಿಸ್ತಾರೆ ಅಂದುಕೊಂಡಿದ್ದ ಆರನೇ ದಿನ ರಾತ್ರಿ ಚಳಿಜ್ವರ ಶುರುವಾಯಿತು. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗಾಡುವಷ್ಟು ನಡುಕ. ಮಂಚದ ಪಕ್ಕ ನೇತಾಡುತ್ತಿದ್ದ ಚೀಲದಲ್ಲಿ ಅಲ್ಲಿಯವರೆಗೆ ತಿಳಿಯಾಗಿದ್ದ ಮೂತ್ರ ನೀರು ಮಜ್ಜಿಗೆಯ ಹಾಗೆ ಕದಡಿತ್ತು.

ಕಲ್ಚರ್ ರಿಪೋರ್ಟ್ ಬಂದಾಗ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದು ನಾನೇ. ಉದ್ದಕ್ಕೆ ಆಂಟಿಬಯೋಟಿಕ್‌ಗಳ ಹೆಸರು, ಎದುರಿಗೆ ಆರ್, ಆರ್, ಆರ್. ಆರ್ ಅಂದರೆ ಈ ಔಷಧಿಗೆ ಆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಅಂತ ಅರ್ಥ. ಕೊನೆಯ ಎರಡು ಹೆಸರಿಗೆ ಮಾತ್ರ ಎಸ್ ಇತ್ತು. ಮೂಳೆಗೆ ಅಂತ ಆಸ್ಪತ್ರೆಯಲ್ಲಿದ್ದದ್ದು ಆರು ದಿನ, ಒಂದು ಪೈಪಿನಿಂದ ಬಂದ ಸೋಂಕಿಗೆ ಹನ್ನೊಂದು ದಿನ.

ಆ ಪೈಪಿಗೆ ಫೋಲಿ ಕ್ಯಾಥೆಟರ್ ಅಂತ ಹೆಸರು. ನಮ್ಮಲ್ಲಿ ಎಲ್ಲರೂ ಯೂರಿನ್ ಪೈಪ್ ಅನ್ನುತ್ತಾರೆ. ಅದು ದೇಹದೊಳಗಿದ್ದ ಪ್ರತಿ ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇ. 3ರಿಂದ 7. ದಿನಕ್ಕೆ ಇಷ್ಟು! ತಿಂಗಳು ಇಟ್ಟರೆ ಹೆಚ್ಚುಕಡಿಮೆ ಎಲ್ಲರಲ್ಲೂ ಸೇರಿರುತ್ತದೆ. ಎಲ್ಲರಿಗೂ ಜ್ವರ ಬರುವುದಿಲ್ಲ, ಅದು ಬೇರೆ ಮಾತು. ಆದರೆ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಅದು ಯಾವಾಗ ರಕ್ತಕ್ಕೆ ಇಳಿಯುತ್ತದೋ ಹೇಳಲಾಗದು.

ಇದೆಲ್ಲ ಆದಮೇಲೆ ನಾನು ಈ ವಿಷಯ ಓದತೊಡಗಿದೆ. ಪೈಪಿನ ಮೈಗೇ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಕೊಟ್ಟರೆ ಆಗದೇ? ಆಗುತ್ತದೆ, ಅದಕ್ಕಾಗಿ ಜನ 20 ವರ್ಷಕ್ಕೂ ಹೆಚ್ಚು ಕಾಲದಿಂದ ದುಡಿಯುತ್ತಿದ್ದಾರೆ. ಆದರೂ ಅದು ವಾರ್ಡಿಗೆ ಬರುವ ಮೊದಲು ಅಂಗಡಿಗೆ ಬಂದಿದೆ. ಫೋನ್ ಕವರು, ಕಟಿಂಗ್ ಬೋರ್ಡು, ಸಾಕ್ಸು, ಗೋಡೆ ಬಣ್ಣ, ಎಲ್ಲದರ ಮೇಲೂ "99.9% ಬ್ಯಾಕ್ಟೀರಿಯಾ ನಾಶ" ಅಂತ ಬರೆದಿರುತ್ತದೆ. ಇವೆರಡರ ನಡುವಿನ ಅಂತರ ಎಷ್ಟಿದೆ ಅನ್ನುವುದು ನನಗೆ ಈಗ ಗೊತ್ತು, ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಪೈಪಿನ ಒಳಗೆ ಏನಾಗುತ್ತದೆ ನೋಡಿ. ಬ್ಯಾಕ್ಟೀರಿಯಾ ಒಂಟಿಯಾಗಿ ತೇಲುತ್ತಿದ್ದರೆ ಅದನ್ನು ಕೊಲ್ಲುವುದು ಅಷ್ಟು ಕಷ್ಟವಲ್ಲ. ಅದು ಎಲ್ಲಾದರೂ ಅಂಟಿಕೊಂಡಿತು ಅನ್ನಿ, ಕೆಲವೇ ಗಂಟೆಗಳಲ್ಲಿ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ. ತುಂಬ ದಿನ ತೊಳೆಯದ ಬಚ್ಚಲ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದಲ್ಲ, ಅಂಥದೇ ಲೋಳೆ. ಇದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ಒಳಗೆ ಕೂತ ಬ್ಯಾಕ್ಟೀರಿಯಾಕ್ಕೆ ಆಂಟಿಬಯೋಟಿಕ್ ಸರಿಯಾಗಿ ತಲುಪುವುದಿಲ್ಲ. ತಲುಪಿದರೂ ಒಳಗಿನವು ಬೆಳವಣಿಗೆ ನಿಲ್ಲಿಸಿ ಮಲಗಿರುತ್ತವೆ, ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಹೊಡೆಯುವ ಔಷಧಿ ಅವುಗಳ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಅದಕ್ಕೇ ಡಾಕ್ಟರು ಇಂಜೆಕ್ಷನ್ ಕೊಟ್ಟು ಸುಮ್ಮನಿರುವುದಿಲ್ಲ, ಪೈಪನ್ನೂ ಬದಲಿಸುತ್ತಾರೆ. ಹಾಗಾಗಿ ಹೊಡೆಯಬೇಕಾದದ್ದು ಮೊದಲ ಬ್ಯಾಕ್ಟೀರಿಯಾ ಬಂದು ಅಂಟುವ ಹೊತ್ತಿನಲ್ಲಿ. ಲೋಳೆ ಕಟ್ಟಿದ ಮೇಲೆ ಕೆಲಸ ಕೆಟ್ಟಂತೆಯೇ.

ಹೊಡೆಯುವುದಕ್ಕೆ ದಾರಿ ಎರಡು. ಒಂದು, ವಿಷವನ್ನು ನಿಧಾನವಾಗಿ ಹೊರಗೆ ಬಿಡುವುದು. ಬೀರುವಿನಲ್ಲಿ ಇಡುವ ನುಸಿಗುಳಿಗೆ ಹಾಗೆ. ಬೆಳ್ಳಿ ಸೇರಿಸಿದ ಲೇಪನ, ಆಂಟಿಬಯೋಟಿಕ್ ನೆನೆಸಿದ ಪೈಪು, ನಮ್ಮ ಅಜ್ಜಿಯ ತಾಮ್ರದ ತಂಬಿಗೆ ಕೂಡ, ಎಲ್ಲ ಇದೇ ಜಾತಿ. ತಾಮ್ರದ ಅಯಾನುಗಳು ನೀರಿಗೆ ಇಳಿದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ತಂಬಿಗೆಯಲ್ಲಿ ದಪ್ಪ ತಾಮ್ರ ಇರುವುದರಿಂದ ಮುಗಿಯುವ ಚಿಂತೆಯಿಲ್ಲ, ಆದರೆ ತೆಳು ಲೇಪನದಲ್ಲಿ ದಾಸ್ತಾನು ಸ್ವಲ್ಪ. ನುಸಿಗುಳಿಗೆ ಕರಗಿದ ಹಾಗೆ ಒಂದು ದಿನ ಅದೂ ಖಾಲಿಯಾಗುತ್ತದೆ. ಖಾಲಿಯಾಗುವ ಮುಂಚೆ ಸ್ವಲ್ಪ ಸ್ವಲ್ಪವೇ ಬರುತ್ತದಲ್ಲ, ಆ ಹೊತ್ತು ಅಪಾಯದ್ದು. ಸಾಯುವಷ್ಟು ಡೋಸ್ ಸಿಗದ ಬ್ಯಾಕ್ಟೀರಿಯಾ ಅದಕ್ಕೆ ಪಳಗುತ್ತದೆ.

ಎರಡನೇ ದಾರಿ, ವಿಷವನ್ನು ಮೇಲ್ಮೈಗೇ ಗಟ್ಟಿಯಾಗಿ ಕಟ್ಟಿಹಾಕುವುದು. ಏನೂ ಹೊರಗೆ ಬರಬಾರದು. ಮುಟ್ಟಿದ್ದು ಮಾತ್ರ ಸಾಯಬೇಕು.

2001ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಲೆಕ್ಸಾಂಡರ್ ಕ್ಲಿಬನೋವ್ ಅವರ ತಂಡ ಇದನ್ನು ಮಾಡಿ ತೋರಿಸಿತು. ಯೋರ್ಗ್ ಟಿಲ್ಲರ್ ಆ ಪ್ರಬಂಧದ ಮೊದಲ ಲೇಖಕ. ಮಾಡಿದ್ದು ಇಷ್ಟು: ಸಾಮಾನ್ಯ ಗಾಜಿನ ಸ್ಲೈಡಿಗೆ ಪಾಲಿವಿನೈಲ್ ಪಿರಿಡಿನ್ ಅನ್ನುವ ಪಾಲಿಮರ್‌ನ ಉದ್ದನೆಯ ಸರಪಳಿಗಳನ್ನು ರಾಸಾಯನಿಕ ಬಂಧದಿಂದ ಅಂಟಿಸಿದರು. ಆಮೇಲೆ ಆ ಸರಪಳಿಗಳಿಗೆ ಇಂಗಾಲದ ಪುಟ್ಟ ಬಾಲಗಳನ್ನು ಜೋಡಿಸಿದರು. ಬಾಲ ಸೇರಿದ ಕಡೆಯಲ್ಲೆಲ್ಲ ಧನ ಚಾರ್ಜ್ ಬರುತ್ತದೆ. ನಂತರ ಬ್ಯಾಕ್ಟೀರಿಯಾ ಇರುವ ನೀರನ್ನು ಸ್ಲೈಡಿನ ಮೇಲೆ ಸ್ಪ್ರೇ ಮಾಡಿ, ಗಾಳಿಗೆ ಒಣಗಲು ಬಿಟ್ಟು, ಬದುಕಿ ಉಳಿದು ಬೆಳೆದ ಕಾಲೊನಿಗಳನ್ನು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳನ್ನು ಎಣಿಸಿದರು. ಯಾರೋ ಸೀನಿದಾಗ ಹನಿಗಳು ಮೇಜಿನ ಮೇಲೆ ಬಿದ್ದು ಒಣಗುತ್ತವಲ್ಲ, ಹೆಚ್ಚುಕಡಿಮೆ ಅಂಥದೇ ಸನ್ನಿವೇಶ. ಸ್ಟೆಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾದಲ್ಲಿ ಶೇ. 94ರಷ್ಟು ಸತ್ತಿದ್ದವು. ಇ. ಕೊಲೈ, ಸ್ಯೂಡೊಮೊನಾಸ್ ಇತ್ಯಾದಿಗಳ ಸಂಖ್ಯೆ ನೂರು ಪಟ್ಟಿಗಿಂತ ಜಾಸ್ತಿ ಇಳಿದಿತ್ತು.

ಬಾಲದ ಉದ್ದದ ಕಥೆ ನನಗೆ ತುಂಬ ಹಿಡಿಸಿತು. ಮೂರು ಇಂಗಾಲದಿಂದ ಹದಿನಾರರ ತನಕ ಬೇರೆ ಬೇರೆ ಉದ್ದದ ಬಾಲ ಹಾಕಿ ನೋಡಿದರು. ಬಾಲ ಉದ್ದವಾದಷ್ಟೂ ಚೆನ್ನಾಗಿ ಚುಚ್ಚಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಹಾಗಾಗಲಿಲ್ಲ. ಈ ಪಾಲಿಮರ್‌ಗೆ ಮುಂದೆ ಆ ತಂಡ ನೆಚ್ಚಿಕೊಂಡಿದ್ದು ಆರು ಇಂಗಾಲದ ಬಾಲವನ್ನು. ಬಾಲ ತೀರಾ ಉದ್ದವಾದರೆ ಬಾಲಗಳೇ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ, ಎಣ್ಣೆ ಹಚ್ಚಿದ ಕೂದಲು ಜಡೆಗಟ್ಟಿದ ಹಾಗೆ. ಆಗ ಸರಪಳಿ ನೆಟ್ಟಗೆ ಚಾಚಿಕೊಳ್ಳುವುದಿಲ್ಲ. ಸರಪಳಿಗಳ ಮೈಯೆಲ್ಲ ಧನ ಚಾರ್ಜ್ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳಿಕೊಂಡು ಬ್ರಷ್ಷಿನ ಎಳೆಗಳ ಹಾಗೆ ನಿಲ್ಲಬೇಕು, ಆಗಲೇ ಕೆಲಸ.

ಸರಿ, ಹೇಗೆ ಕೊಲ್ಲುತ್ತದೆ? ಬ್ಯಾಕ್ಟೀರಿಯಾದ ಮೈಗೆ ಋಣ ಚಾರ್ಜ್ ಇದೆ. ಅದರ ಪೊರೆ ಎರಡು ಪದರದ ಕೊಬ್ಬು, ಆ ಕೊಬ್ಬಿನಲ್ಲಿ ಬಹಳಷ್ಟಕ್ಕೆ ಋಣ ಚಾರ್ಜ್. ಒಂದೇ ಚಾರ್ಜಿನವು ಪಕ್ಕಪಕ್ಕ ಇದ್ದರೆ ದೂರ ಸರಿಯಬೇಕು, ಅಲ್ವಾ? ಅವನ್ನು ಹಿಡಿದಿಡುವುದು ಮೆಗ್ನೀಷಿಯಂ, ಕ್ಯಾಲ್ಸಿಯಂ ಅಯಾನುಗಳು. ಬಟ್ಟೆಗೆ ಹೊಲಿಗೆ ಇದ್ದ ಹಾಗೆ. ಧನ ಚಾರ್ಜ್ ತುಂಬಿದ ಲೇಪನದ ಮೇಲೆ ಬ್ಯಾಕ್ಟೀರಿಯಾ ಬಂದು ಕೂತರೆ ಆ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಒಂದು ವಿವರಣೆ. ಪಾಲಿಮರ್‌ನ ಬಾಲ ಪೊರೆಯೊಳಗೆ ತೂರಿ ಹರಿಯುತ್ತದೆ ಅನ್ನುವುದು ಇನ್ನೊಂದು. ಸ್ಪಂಜು ನೀರು ಹೀರಿದ ಹಾಗೆ ಲೇಪನ ಪೊರೆಯ ಕೊಬ್ಬನ್ನೇ ಹೀರಿಬಿಡುತ್ತದೆ ಅನ್ನುವುದು ಮೂರನೆಯದು. ಲೇಪನ ಯಾವುದು, ಬ್ಯಾಕ್ಟೀರಿಯಾ ಯಾವುದು ಅನ್ನುವುದರ ಮೇಲೆ ಇವುಗಳಲ್ಲಿ ಒಂದೋ ಎರಡೋ ನಡೆಯುತ್ತಿರಬಹುದು. ಹೇಗೇ ಆದರೂ ಕೊನೆಗೆ ಪೊರೆ ತೂತಾಗಿ ಒಳಗಿನದು ಹೊರಗೆ ಸೋರುತ್ತದೆ.

ಇದನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು ಎರಡು ಬಣ್ಣ ಬೆರೆಸುತ್ತಾರೆ. ಹಸಿರು ಬಣ್ಣ ಎಲ್ಲ ಜೀವಕೋಶದೊಳಗೂ ಹೋಗುತ್ತದೆ. ಕೆಂಪು ಬಣ್ಣ ಪೊರೆ ಹರಿದ ಕೋಶದೊಳಗೆ ಮಾತ್ರ ಹೋಗಬಲ್ಲದು. ಲೇಪನವಿಲ್ಲದ ಗಾಜಿನ ಮೇಲೆ ಹಸಿರು ಚುಕ್ಕಿಗಳು, ಲೇಪನವಿರುವ ಗಾಜಿನ ಮೇಲೆ ಕೆಂಪು ಚುಕ್ಕಿಗಳು. ಸಂಶೋಧನಾ ಪ್ರಬಂಧಗಳಲ್ಲಿ ಈ ಚಿತ್ರಗಳನ್ನು ಪಕ್ಕಪಕ್ಕ ಹಾಕಿರುತ್ತಾರೆ. ಹನ್ನೊಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನಿಗೆ ಆ ಕೆಂಪು ಚುಕ್ಕಿಗಳು ಎಷ್ಟು ಸಮಾಧಾನ ಕೊಡುತ್ತವೆ ಅಂತ ಹೇಳಲಾರೆ.

ನಮ್ಮ ಜೀವಕೋಶಗಳು ಯಾಕೆ ಹೀಗೆ ಸಾಯುವುದಿಲ್ಲ? ನಮ್ಮ ಕೋಶದ ಪೊರೆಯ ಹೊರ ಪದರಕ್ಕೆ ಹೆಚ್ಚುಕಡಿಮೆ ಚಾರ್ಜೇ ಇಲ್ಲ, ಜೊತೆಗೆ ಕೊಲೆಸ್ಟರಾಲ್ ಸೇರಿ ಅದನ್ನು ಗಟ್ಟಿ ಮಾಡಿರುತ್ತದೆ. ವ್ಯತ್ಯಾಸ ಇದೆ, ಆದರೆ ಅದು ಬೆಟ್ಟದಷ್ಟಲ್ಲ. ಚಾರ್ಜನ್ನೋ ಬಾಲವನ್ನೋ ಜಾಸ್ತಿ ಮಾಡಿದರೆ ನಮ್ಮ ರಕ್ತಕಣಗಳೂ ಒಡೆಯುತ್ತವೆ. ಅದಕ್ಕೇ ಪ್ರತಿ ಹೊಸ ಪಾಲಿಮರ್‌ಗೂ ಬ್ಯಾಕ್ಟೀರಿಯಾ ಪರೀಕ್ಷೆಯ ಜೊತೆ ರಕ್ತಕಣದ ಪರೀಕ್ಷೆ ಇದ್ದೇ ಇರುತ್ತದೆ.

ಈ ಕಥೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಜಯಂತ ಹಲ್ದಾರ್ ಅನ್ನುವವರು ಐಐಎಸ್‌ಸಿಯಲ್ಲಿ ಪಿಎಚ್‌ಡಿ ಮಾಡಿ ಕ್ಲಿಬನೋವ್ ಅವರ ಲ್ಯಾಬಿಗೆ ಹೋದರು. 2006ರಲ್ಲಿ ಆ ತಂಡ ಪಾಲಿಎಥಿಲೀನ್ ಇಮೀನ್ ಅನ್ನುವ ಪಾಲಿಮರ್‌ನಿಂದ ಮಾಡಿದ ಲೇಪನವನ್ನು ಗಾಜಿಗೆ ಬಣ್ಣ ಬಳಿದ ಹಾಗೆ ಬಳಿದು, ಬ್ಯಾಕ್ಟೀರಿಯಾ ಮಾತ್ರ ಅಲ್ಲ, ಇನ್‌ಫ್ಲುಯೆಂಜಾ ವೈರಸ್ಸೂ ಅದರ ಮೇಲೆ ನಿಮಿಷಗಳಲ್ಲಿ ನಿಷ್ಕ್ರಿಯವಾಗುತ್ತದೆ ಅಂತ ತೋರಿಸಿತು. ಆ ಪ್ರಬಂಧದ ಮೊದಲ ಹೆಸರು ಹಲ್ದಾರ್ ಅವರದು. ಈಗ ಅವರ ಲ್ಯಾಬ್ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದೆ. ನೀರಿನಲ್ಲಿ ಕರಗದ, ಆದರೆ ಬೇರೆ ದ್ರಾವಕದಲ್ಲಿ ಕರಗಿಸಿ ಬಳಿಯಬಹುದಾದ ಪಾಲಿಮರ್‌ಗಳ ಮೇಲೆ ಅವರು ಕೆಲಸ ಮಾಡಿದ್ದಾರೆ. ನೀರಿನಲ್ಲಿ ಕರಗದಿರುವುದೇ ಇಲ್ಲಿ ಮುಖ್ಯ, ಕರಗಿದರೆ ಮತ್ತೆ ನುಸಿಗುಳಿಗೆಯ ಕಥೆಯೇ. 2020ರಲ್ಲಿ ಕೋವಿಡ್ ಶುರುವಾದ ಹೊತ್ತಿಗೆ ಅವರ ತಂಡ ಇನ್ನೊಂದು ಲೇಪನದ ವಿವರ ಪ್ರಕಟಿಸಿತು. ಬಟ್ಟೆ, ಪ್ಲಾಸ್ಟಿಕ್ ಮುಂತಾದವಕ್ಕೆ ಹಚ್ಚಿ ಅತಿನೇರಳೆ ಬೆಳಕು ಹಾಯಿಸಿದರೆ ಸಾಕು, ಅಣುಗಳು ಮೇಲ್ಮೈಗೆ ಬೆಸೆದುಕೊಳ್ಳುತ್ತವೆ. ಇನ್‌ಫ್ಲುಯೆಂಜಾ ವೈರಸ್, ಔಷಧಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ, ಔಷಧಿಗೆ ಬಗ್ಗದ ಕ್ಯಾಂಡಿಡಾ ಶಿಲೀಂಧ್ರ ಮೂರರ ಮೇಲೂ ಅದು ಕೆಲಸ ಮಾಡಿತು. ಒಂದೇ ಹಂತದಲ್ಲಿ ಮುಗಿಯುವ ಕೆಲಸ ಅನ್ನುವುದು ಫ್ಯಾಕ್ಟರಿ ದೃಷ್ಟಿಯಿಂದ ದೊಡ್ಡ ಮಾತು. ಗಾಜನ್ನು ನಾಲ್ಕೈದು ದ್ರಾವಣದಲ್ಲಿ ಅದ್ದಿ ತೆಗೆಯುವ ವಿಧಾನದಲ್ಲಿ ಯಾರೂ ಲಕ್ಷಗಟ್ಟಲೆ ಪೈಪ್ ಮಾಡಲಾರರು.

ಈಗ ಅಂಗಡಿಯ 99.9ಕ್ಕೆ ಬರೋಣ.

ಪ್ಲಾಸ್ಟಿಕ್ ಮೇಲ್ಮೈಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇದೆಯೇ ಅಂತ ನೋಡಲು ಐಎಸ್‌ಒ 22196 ಅನ್ನುವ ಪರೀಕ್ಷೆ ಎಲ್ಲ ಕಡೆ ಚಾಲ್ತಿಯಲ್ಲಿದೆ. 5 ಸೆಂಟಿಮೀಟರ್ ಚೌಕದ ಒಂದು ತುಂಡು ತೆಗೆದುಕೊಳ್ಳುತ್ತಾರೆ. ಅದರ ಮೇಲೆ 0.4 ಮಿಲಿಲೀಟರ್ ಬ್ಯಾಕ್ಟೀರಿಯಾ ದ್ರಾವಣ ಹಾಕಿ, ಮೇಲೆ ತೆಳ್ಳನೆಯ ಫಿಲ್ಮ್ ಮುಚ್ಚುತ್ತಾರೆ. ದ್ರಾವಣ ಫಿಲ್ಮಿನ ಕೆಳಗೆ ಸಮನಾಗಿ ಹರಡಿಕೊಳ್ಳುತ್ತದೆ. ಅದನ್ನು 35 ಡಿಗ್ರಿ ಶಾಖದಲ್ಲಿ, ಶೇ. 90ಕ್ಕಿಂತ ಕಡಿಮೆಯಿಲ್ಲದ ತೇವದಲ್ಲಿ 24 ಗಂಟೆ ಇಟ್ಟು ಆಮೇಲೆ ಎಣಿಸುತ್ತಾರೆ. ಅಂದರೆ ಇಡೀ ಒಂದು ದಿನ ಬ್ಯಾಕ್ಟೀರಿಯಾ ಒದ್ದೆಯಾಗಿ, ಬೆಚ್ಚಗೆ, ಲೇಪನಕ್ಕೆ ಒತ್ತಿಕೊಂಡು ಕೂತಿರುತ್ತದೆ.

ನಿಮ್ಮ ಫೋನ್ ಕವರಿನ ಮೇಲೆ ಹೀಗಿರುತ್ತದಾ? ಅಲ್ಲಿ ಒಣಗಿದ ಬೆವರು, ಎಣ್ಣೆ ಜಿಡ್ಡು, ಧೂಳು. ಬಸ್ಸಿನ ಕಂಬಿಯನ್ನು ಒಬ್ಬರು ಬಿಟ್ಟ ಎರಡು ಸೆಕೆಂಡಿಗೆ ಇನ್ನೊಬ್ಬರು ಹಿಡಿಯುತ್ತಾರೆ. 24 ಗಂಟೆ ಕಾಯುವವರು ಯಾರು? ಹಾಗಂತ ಪರೀಕ್ಷೆ ಸುಳ್ಳಲ್ಲ. ಒಂದು ಪಾಲಿಮರನ್ನು ಇನ್ನೊಂದಕ್ಕೆ ಹೋಲಿಸಲು ಅದು ಒಳ್ಳೆಯ ಅಳತೆಗೋಲು. ಅದನ್ನು ತಂದು ಬಾಗಿಲ ಹಿಡಿಕೆಯ ರಕ್ಷಣೆಯ ಭರವಸೆಯಾಗಿ ಮಾರುವುದು ಮಾತ್ರ ತಪ್ಪು, ಇದನ್ನು ಖಡಾಖಂಡಿತ ಹೇಳುತ್ತೇನೆ.

ಸಂಖ್ಯೆಯನ್ನೇ ಸ್ವಲ್ಪ ಬಿಡಿಸಿ ನೋಡಿ. 10 ಲಕ್ಷ ಬ್ಯಾಕ್ಟೀರಿಯಾದಲ್ಲಿ ಶೇ. 99.9 ಸತ್ತರೆ 1,000 ಉಳಿಯುತ್ತವೆ. ಇ. ಕೊಲೈಗೆ ಊಟ, ಶಾಖ ಎಲ್ಲ ಸರಿಯಾಗಿ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಹತ್ತು ಸಲ ಇಮ್ಮಡಿಯಾದರೆ 1,000 ಇದ್ದದ್ದು ಮತ್ತೆ 10 ಲಕ್ಷ. ಹತ್ತು ಸಲಕ್ಕೆ 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. ಒಣ ಮೇಜಿನ ಮೇಲೆ ಇಷ್ಟು ವೇಗ ಸಾಧ್ಯವಿಲ್ಲ, ಆದರೆ ಮೂತ್ರ ತುಂಬಿದ ಬೆಚ್ಚನೆಯ ಪೈಪಿನಲ್ಲಿ ಬೆಳೆಯಲು ಅವಕ್ಕೆ ಯಾವ ಕೊರತೆಯೂ ಇಲ್ಲ. ಹಾಗಾಗಿ ಒಂದು ಸಲ ಎಷ್ಟು ಕೊಂದಿತು ಅನ್ನುವುದಕ್ಕಿಂತ ಎಷ್ಟು ದಿನ ಕೊಲ್ಲುತ್ತಲೇ ಇರುತ್ತದೆ ಅನ್ನುವ ಪ್ರಶ್ನೆ ದೊಡ್ಡದು.

ಅಲ್ಲೇ ಈ ಲೇಪನಗಳ ದೊಡ್ಡ ತೊಂದರೆ ಇರುವುದು. ಸತ್ತ ಬ್ಯಾಕ್ಟೀರಿಯಾ ಎಲ್ಲಿ ಹೋಗುತ್ತದೆ? ಎಲ್ಲೂ ಹೋಗುವುದಿಲ್ಲ. ಋಣ ಚಾರ್ಜಿನ ಹೆಣ ಧನ ಚಾರ್ಜಿನ ಮೇಲ್ಮೈಗೆ ಅಂಟಿಕೊಂಡೇ ಇರುತ್ತದೆ. ಅದರ ಮೇಲೆ ಇನ್ನೊಂದು. ರಕ್ತ, ಮೂತ್ರದಲ್ಲಿನ ಪ್ರೋಟೀನು ಕೂಡ ಬಂದು ಅಂಟುತ್ತದೆ. ಕೊನೆಗೆ ಲೇಪನ ಪೂರ್ತಿ ಮುಚ್ಚಿಹೋಗಿ, ಹೊಸದಾಗಿ ಬಂದ ಬ್ಯಾಕ್ಟೀರಿಯಾ ತನ್ನವರ ಹೆಣದ ಮೇಲೆ ಆರಾಮಾಗಿ ಕೂರುತ್ತದೆ. ಮುಟ್ಟಿದರೆ ಕೊಲ್ಲುವ ಲೇಪನವನ್ನು ಮುಟ್ಟಲೇ ಆಗದಿದ್ದರೆ ಅದರಿಂದ ಏನು ಪ್ರಯೋಜನ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಶಾವೋಯಿ ಜಿಯಾಂಗ್ ಅವರ ತಂಡ ಮುಖ್ಯವಾದದ್ದು. 2008ರಲ್ಲಿ ಅವರು ಎರಡು ಕೆಲಸ ಮಾಡುವ ಮೇಲ್ಮೈ ಮಾಡಿದರು. ಮೊದಲು ಧನ ಚಾರ್ಜಿನಿಂದ ಕೊಲ್ಲುತ್ತದೆ, ಒಂದು ಗಂಟೆಯಲ್ಲಿ ಇ. ಕೊಲೈ ಶೇ. 99.9ಕ್ಕಿಂತ ಹೆಚ್ಚು ಸತ್ತಿತ್ತು. ಆಮೇಲೆ ನೀರಿನ ಜೊತೆ ನಿಧಾನವಾಗಿ ವರ್ತಿಸಿ ಪಾಲಿಮರ್ ಧನ, ಋಣ ಎರಡೂ ಸಮನಾಗಿರುವ ರೂಪಕ್ಕೆ ತಿರುಗುತ್ತದೆ. ಅಂಥ ಮೇಲ್ಮೈ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅದಕ್ಕೆ ಏನೂ ಅಂಟುವುದಿಲ್ಲ, ಸತ್ತವುಗಳಲ್ಲಿ ಶೇ. 98ರಷ್ಟು ಕಳಚಿ ಬಿದ್ದವು. ಒಮ್ಮೆ ತಿರುಗಿದರೆ ಮುಗಿಯಿತು, ಮತ್ತೆ ಕೊಲ್ಲುವುದಿಲ್ಲ. ಆದರೂ ಯೋಚನೆಯ ದಿಕ್ಕು ಸರಿ ಅನಿಸುತ್ತದೆ. ಕೊಲ್ಲುವುದರ ಜೊತೆ ತೊಳೆದುಕೊಳ್ಳುವುದೂ ಬರಬೇಕು.

ಇನ್ನು ನನಗೆ ಹೆಚ್ಚು ಕಣ್ಣು ತೆರೆಸಿದ್ದು ಒಂದು ಆಸ್ಪತ್ರೆ ಪ್ರಯೋಗ. ಅದು ಪಾಲಿಮರಿನದಲ್ಲ, ಬೆಳ್ಳಿಯದು. ಬೆಳ್ಳಿ ಮಿಶ್ರಲೋಹದ ಲೇಪನವಿದ್ದ ಕ್ಯಾಥೆಟರ್‌ಗಳು ಆ ಹೊತ್ತಿಗಾಗಲೇ ಮಾರುಕಟ್ಟೆಯಲ್ಲಿದ್ದವು. ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ 7,102 ರೋಗಿಗಳನ್ನು ಸೇರಿಸಿ, ಬೆಳ್ಳಿ ಪೈಪು, ನೈಟ್ರೋಫ್ಯೂರಲ್ ಔಷಧಿ ಸೇರಿಸಿದ ಪೈಪು, ಸಾಮಾನ್ಯ ಟೆಫ್ಲಾನ್ ಲೇಪನದ ಪೈಪು ಅಂತ ಮೂರು ಗುಂಪು ಮಾಡಿದರು. ಫಲಿತಾಂಶ 2012ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆರು ವಾರದೊಳಗೆ ಲಕ್ಷಣ ಕಾಣಿಸಿ ಔಷಧಿ ಬೇಕಾದ ಸೋಂಕು ಸಾಮಾನ್ಯ ಪೈಪಿನವರಲ್ಲಿ ಶೇ. 12.6. ಬೆಳ್ಳಿ ಪೈಪಿನವರಲ್ಲಿ ಶೇ. 12.5. ನೈಟ್ರೋಫ್ಯೂರಲ್‌ನದು 10.6, ಅದೂ ಆಸ್ಪತ್ರೆಗಳು ತಮ್ಮ ಪೈಪನ್ನು ಬದಲಾಯಿಸಿಕೊಳ್ಳುವಷ್ಟು ದೊಡ್ಡ ಲಾಭವಲ್ಲ ಅಂತ ತಂಡ ಹೇಳಿತು.

ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೂ ರೋಗಿಗೆ ಸಿಕ್ಕ ಲಾಭ ಸೊನ್ನೆಗೆ ಹತ್ತಿರ. ಅದಕ್ಕೇ ಹೊಸ ಲೇಪನದ ಸುದ್ದಿ ಬಂದಾಗಲೆಲ್ಲ ನಾನು ಮೊದಲು ನೋಡುವುದು ಎಣಿಸಿದ್ದು ಏನನ್ನು ಅಂತ. ಗಾಜಿನ ತಟ್ಟೆಯ ಕಾಲೊನಿಯನ್ನೋ, ಜ್ವರ ಬಂದ ಮನುಷ್ಯರನ್ನೋ?

ಕೋವಿಡ್ ಕಾಲದಲ್ಲಿ ಇನ್ನೊಂದು ಪಾಠ ಸಿಕ್ಕಿತು. 2020ರ ಆಗಸ್ಟಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಒಮ್ಮೆ ಸ್ಪ್ರೇ ಮಾಡಿದರೆ ಏಳು ದಿನದವರೆಗೆ ವೈರಸ್ ಕೊಲ್ಲುತ್ತದೆ ಅಂತ ಒಂದು ಲೇಪನಕ್ಕೆ ಟೆಕ್ಸಾಸ್‌ನಲ್ಲಿ ತುರ್ತು ಅನುಮತಿ ಕೊಟ್ಟಿತು, ವಿಮಾನದ ಸೀಟುಗಳಿಗೆ ಹೊಡೆಯಲು. 2021ರಲ್ಲಿ ಆ ಅನುಮತಿಯನ್ನು ವಾಪಸ್ ಪಡೆಯಿತು. ಕೈ ತಾಗಿ, ಬಟ್ಟೆ ಉಜ್ಜಿ, ದಿನಾ ಒರೆಸುವ ಜಾಗದಲ್ಲಿ ತೆಳುವಾದ ಲೇಪನ ಉಳಿಯುವುದೇ ಕಷ್ಟ.

ಬ್ಯಾಕ್ಟೀರಿಯಾ ಇದಕ್ಕೂ ಪಳಗುವುದಿಲ್ಲವೇ ಅಂತ ಕೇಳುತ್ತೀರಿ. ನೀರಿನಲ್ಲಿ ಕರಗಿರುವ ಇದೇ ಜಾತಿಯ ರಾಸಾಯನಿಕಗಳಿಗೆ, ಅಂದರೆ ಫಿನಾಯಿಲ್ ಬದಲು ಈಗ ಆಸ್ಪತ್ರೆ ನೆಲ ಒರೆಸಲು ಬಳಸುವ ಕ್ವಾಟರ್ನರಿ ಅಮೋನಿಯಂ ದ್ರಾವಣಗಳಿಗೆ, ಸ್ಟೆಫೈಲೊಕಾಕಸ್‌ನಲ್ಲಿ ಈಗಾಗಲೇ ಪಂಪುಗಳಿವೆ. ಒಳಗೆ ಬಂದದ್ದನ್ನು ಎತ್ತಿ ಹೊರಗೆ ಹಾಕುವ ಪಂಪು. ಅದರ ಜೀನುಗಳಿಗೆ ಈ ರಾಸಾಯನಿಕಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಕ್ಯೂಎಸಿ ಅಂತಲೇ ಹೆಸರು. ಆದರೆ ಮೇಲ್ಮೈಗೆ ಕಟ್ಟಿಹಾಕಿದ ಪಾಲಿಮರನ್ನು ಎತ್ತಿ ಹೊರಗೆ ಹಾಕಲು ಯಾವ ಪಂಪಿಗೂ ಆಗದು, ಅದು ಗಾಜಿಗೆ ಬೆಸೆದಿದೆಯಲ್ಲ. ಪೂರ್ತಿ ಪೊರೆಯ ರಚನೆಯನ್ನೇ ಬದಲಿಸಿಕೊಳ್ಳುವುದು ಬ್ಯಾಕ್ಟೀರಿಯಾಕ್ಕೆ ಸುಲಭವಲ್ಲ. ಕ್ಲಿಬನೋವ್ ತಂಡ ಲೇಪನದ ಮೇಲೆ ಬದುಕುಳಿದ ಬ್ಯಾಕ್ಟೀರಿಯಾವನ್ನು ಬೆಳೆಸಿ ಮತ್ತೆ ಮತ್ತೆ ಒಡ್ಡಿ ನೋಡಿದಾಗ ಪ್ರತಿರೋಧ ಬೆಳೆದದ್ದು ಕಾಣಲಿಲ್ಲ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸತ್ತವರು 12.7 ಲಕ್ಷ ಅನ್ನುವ ಅಂದಾಜಿದೆ. ಆ ಸಂಖ್ಯೆಯ ಎದುರು ಈ ಗುಣ ತುಂಬ ಬೆಲೆಯುಳ್ಳದ್ದು. ಅದಕ್ಕೇ ಇದನ್ನು ಸಾಕ್ಸಿಗೆ, ಕಟಿಂಗ್ ಬೋರ್ಡಿಗೆ ಸುಮ್ನೆ ಹಚ್ಚಿ ಹಾಳು ಮಾಡಬಾರದು ಅಂತ ನನ್ನ ಅಭಿಪ್ರಾಯ. ಸವೆದು ಉದುರಿದ ಚೂರು ಕೊನೆಗೆ ಚರಂಡಿಗೇ ಹೋಗುತ್ತದೆ.

ಅಂಗಡಿಯಲ್ಲಿ ಸಿಗುವ ವಸ್ತು ಯಾವ ಜಾತಿಯದು ಅಂತ ಲ್ಯಾಬಿನಲ್ಲಿ ತಿಳಿಯುವುದು ಬಲು ಸುಲಭ. ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸಲು ಜೆಲ್ಲಿಯಂಥ ಪದರ ಹಾಕಿದ ತಟ್ಟೆ) ಮೇಲೆ ಒಂದು ತುಂಡು ಇಟ್ಟು ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ತುಂಡಿನ ಸುತ್ತ ಉಂಗುರದ ಹಾಗೆ ಖಾಲಿ ಜಾಗ ಕಂಡರೆ ಅದರಿಂದ ಏನೋ ಸೋರುತ್ತಿದೆ ಅಂತ ಅರ್ಥ. ಉಂಗುರ ಇಲ್ಲದೆ, ತುಂಡು ಎತ್ತಿದಾಗ ಅದರ ಕೆಳಗೆ ಮಾತ್ರ ಖಾಲಿ ಇದ್ದರೆ ಅದು ಮುಟ್ಟಿ ಕೊಲ್ಲುವ ಜಾತಿ.

ನನಗೆ ಬೇಕಿರುವುದು ಜಕ್ಕೂರಿನಂಥ ಲ್ಯಾಬುಗಳ ಲೇಪನ ಹಚ್ಚಿದ ಪೈಪುಗಳನ್ನು ನಮ್ಮ ದೊಡ್ಡ ಸರ್ಕಾರಿ ಆಸ್ಪತ್ರೆಗಳ ವಾರ್ಡಿನಲ್ಲಿ, ಬ್ರಿಟನ್ನಿನವರು ಮಾಡಿದ ಹಾಗೆ ಸಾವಿರಗಟ್ಟಲೆ ಜನರಲ್ಲಿ ಸಾಮಾನ್ಯ ಪೈಪಿನ ಜೊತೆ ಹೋಲಿಸಿ ನೋಡುವ ಪ್ರಯೋಗ. 2020ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧಿ ಕಾಯ್ದೆಯ ಕೆಳಗೆ ಬಂದಿವೆ, ಹಾಗಾಗಿ ದಾರಿ ಇದೆ. ಆದರೆ ಅಂಥ ಪ್ರಯೋಗಕ್ಕೆ ದುಡ್ಡು ಬೇಕು, ವರ್ಷಗಳು ಬೇಕು. ಪೈಪು ಮಾಡುವ ಕಂಪನಿಗೆ ಅಷ್ಟು ಕಾಯುವುದಕ್ಕಿಂತ ಫೋನ್ ಕವರ್ ಮಾರುವುದು ಸಲೀಸು. ಇಲ್ಲಿ ಸರ್ಕಾರದ ದುಡ್ಡು ಬಾರದೆ ಕೆಲಸ ಮುಂದೆ ಹೋಗುವುದಿಲ್ಲ.

ಮೊನ್ನೆ ದೊಡ್ಡಮ್ಮನಿಗೆ ಗರ್ಭಕೋಶದ ಆಪರೇಷನ್ ಆಯ್ತು. ಮಾರನೇ ದಿನ ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರನ್ನು ಕೇಳಿದೆ, "ಮೇಡಂ, ಯೂರಿನ್ ಪೈಪ್ ಇವತ್ತೂ ಬೇಕೇ ಬೇಕಾ?" ಅವರು ಚಾರ್ಟ್ ನೋಡಿದರು, ದೊಡ್ಡಮ್ಮನನ್ನು "ಅಮ್ಮ, ಎದ್ದು ಬಾತ್‌ರೂಮಿಗೆ ಹೋಗ್ತೀರಾ?" ಅಂತ ಕೇಳಿದರು. ಹೂಂ ಅಂದರು. ಸಿಸ್ಟರ್ ಹತ್ತು ನಿಮಿಷದಲ್ಲಿ ಪೈಪ್ ತೆಗೆದು ಚೀಲ ಎತ್ತಿಕೊಂಡು ಹೋದರು.